ಟವರ್‌ಗೆ ಮೊದಲು, ಸ್ಟುಡಿಯೋಗೆ ಕೊನೆಗೆ: ಸ್ಥಳೀಯ ಟಿವಿ ಕೇಂದ್ರಕ್ಕೆ ಎಚ್‌ಡಿ ಬರುವ ದಾರಿ

ಒಂದೇ ಚಾನೆಲ್, ಒಂದೇ ಟಿವಿ ಸೆಟ್. ರಾತ್ರಿ, ದೇಶವಿಡೀ ಇರುವ ಸ್ಥಳೀಯ ಕೇಂದ್ರಗಳಿಗೆ ಕಾರ್ಯಕ್ರಮ ಹಂಚುವ ದೊಡ್ಡ ನೆಟ್‌ವರ್ಕ್‌ನ ಧಾರಾವಾಹಿ ಬರುತ್ತಿದ್ದಾಗ ನಾಯಕಿಯ ಕಿವಿಯೋಲೆಯ ಕಲ್ಲುಗಳನ್ನು ಎಣಿಸಬಹುದು, ಅಷ್ಟು ಸ್ಪಷ್ಟ. ಧಾರಾವಾಹಿ ಮುಗಿದು ಸ್ಥಳೀಯ ವಾರ್ತೆ ಶುರುವಾದ ಕೂಡಲೇ ಚಿತ್ರಕ್ಕೆ ಮಂಜು ಕವಿದ ಹಾಗೆ. ಎಡಕ್ಕೊಂದು, ಬಲಕ್ಕೊಂದು ಕಪ್ಪು ಪಟ್ಟಿ. ಅಮೆರಿಕದಲ್ಲಿ 2000ದ ದಶಕದಲ್ಲಿ ಎಷ್ಟೋ ಊರುಗಳ ವೀಕ್ಷಕರು ಇದನ್ನು ದಿನಾ ನೋಡುತ್ತಿದ್ದರು. ಕೇಂದ್ರದವರು 'ನಾವು ಡಿಜಿಟಲ್ ಆಗಿದ್ದೇವೆ' ಎನ್ನುತ್ತಿದ್ದರು. ಅದು ಸುಳ್ಳಲ್ಲ. ಆದರೂ ಅವರದೇ ವಾರ್ತೆ ಮಂಕು.

ಯಾಕೆ ಹೀಗೆ? ಹೊಸ ಕ್ಯಾಮೆರಾ ಕೊಳ್ಳಲು ದುಡ್ಡಿರಲಿಲ್ಲ ಎಂದು ಸುಮ್ನೆ ಹೇಳಿಬಿಡಬಹುದು. ಆದರೆ ಈ ಕಥೆಯಲ್ಲಿ ಕ್ಯಾಮೆರಾದ್ದು ಸಣ್ಣ ಪಾತ್ರ. ಚಿತ್ರ ಹುಟ್ಟುವುದು ಸ್ಟುಡಿಯೋದಲ್ಲಿ, ಹೊರಗೆ ಹೋಗುವುದು ಟವರ್‌ನಿಂದ. ಬದಲಾವಣೆ ಮಾತ್ರ ಟವರ್‌ನಲ್ಲಿ ಶುರುವಾಗಿ ಸ್ಟುಡಿಯೋ ಕಡೆಗೆ ಹಿಂದೆ ಹಿಂದೆ ನಡೆದು ಬರುತ್ತದೆ. ಈ ತಲೆಕೆಳಗಾದ ದಾರಿ ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಎರಡು ಪದ, ಎರಡು ಸಂಗತಿ

'ಡಿಜಿಟಲ್' ಮತ್ತು 'ಎಚ್‌ಡಿ' ಯಾವಾಗಲೂ ಜೋಡಿಯಾಗಿ ಓಡಾಡುವುದರಿಂದ ಎರಡೂ ಒಂದೇ ಎಂದುಕೊಳ್ಳುತ್ತೇವೆ. ಹಾಗಲ್ಲ. ಡಿಜಿಟಲ್ ಎಂದರೆ ಚಿತ್ರವನ್ನು ಅಂಕಿಗಳಾಗಿ ಮಾಡಿ ಕಳಿಸುವ ವಿಧಾನ. ಎಚ್‌ಡಿ ಎಂದರೆ ಆ ಚಿತ್ರದಲ್ಲಿ ಎಷ್ಟು ವಿವರ ತುಂಬಿದೆ ಎಂಬ ಲೆಕ್ಕ. ಒಂದು ಇದ್ದು ಇನ್ನೊಂದು ಇಲ್ಲದಿರಬಹುದು. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಬಳಿಕ ಎಚ್‌ಡಿ ಸಂಶೋಧನೆಗೆ ಕೈಹಾಕಿತು. 1989ರಲ್ಲಿ ಉಪಗ್ರಹದ ಮೂಲಕ ಪ್ರಾಯೋಗಿಕ ಪ್ರಸಾರವನ್ನೂ ಶುರುಮಾಡಿತು. 1125 ಗೆರೆಗಳ ಆ ಚಿತ್ರ ಆಕಾಶದಿಂದ ಇಳಿದು ಬರುತ್ತಿದ್ದದ್ದು ಅನಲಾಗ್ ಆಗಿ, ಅಂದರೆ ಅಂಕಿಗಳಾಗದೆ ಅಲೆಯ ರೂಪದಲ್ಲೇ. ಬರ್ಲಿನ್‌ನದು ಇದಕ್ಕೆ ತಿರುಗುಮುರುಗು. 2003ರ ಆಗಸ್ಟ್‌ನಲ್ಲೇ ಅಲ್ಲಿ ಅನಲಾಗ್ ಟವರ್‌ಗಳನ್ನು ನಿಲ್ಲಿಸಿ ಪೂರ್ತಿ ಡಿಜಿಟಲ್ ಮಾಡಿದರು. ಬಂದ ಚಿತ್ರ ಮಾತ್ರ ಹಳೆಯ ಅಳತೆಯದೇ.

ಮತ್ತೆ ಇವೆರಡೂ ಜೋಡಿಯಾದದ್ದು ಹೇಗೆ? ಜಾಗದ ಸಮಸ್ಯೆಯಿಂದ. ಅಮೆರಿಕ, ಜಪಾನ್ ಮೊದಲಾದ ಕಡೆಯ ಹಳೆಯ ಚಿತ್ರವನ್ನು ಅಂಕಿಗಳಿಗೆ ಇಳಿಸಿದರೆ ಅಡ್ಡಕ್ಕೆ 720, ಉದ್ದಕ್ಕೆ 480 ಚುಕ್ಕಿ. ಒಟ್ಟು 3,45,600. ಪೂರ್ಣ ಎಚ್‌ಡಿಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080. ಒಟ್ಟು 20,73,600. ಭಾಗಿಸಿ ನೋಡಿ, ಸರಿಯಾಗಿ ಆರು ಪಟ್ಟು. ಭಾರತ, ಯುರೋಪಿನಂಥ ಕಡೆ ಹಳೆಯ ಚಿತ್ರಕ್ಕೆ 576 ಸಾಲು ಇತ್ತು, ಅಲ್ಲಿ ಸರಿಯಾಗಿ ಐದು ಪಟ್ಟು. ಅಮೆರಿಕದಲ್ಲಿ ಒಂದು ಚಾನೆಲ್‌ಗೆ ಆಕಾಶದಲ್ಲಿ ಸಿಗುವ ಜಾಗ, ಅಂದರೆ ತರಂಗಾಂತರದ ಪಾಲು, 6 ಮೆಗಾಹರ್ಟ್ಸ್. ಒಂದು ಅನಲಾಗ್ ಚಿತ್ರಕ್ಕೇ ಅದು ಸರಿಹೋಗುತ್ತಿತ್ತು. ಅಷ್ಟೇ ಜಾಗದಲ್ಲಿ ಆರು ಪಟ್ಟು ಚಿತ್ರ ತುರುಕುವುದು ಹೇಗೆ?

ಅಂಕಿಗಳಾದರೆ ಕುಗ್ಗಿಸಬಹುದು. ಸ್ಟುಡಿಯೋದೊಳಗೆ ಎಚ್‌ಡಿ ಚಿತ್ರ ತಂತಿಯಲ್ಲಿ ಹರಿಯುವ ವೇಗ ಸೆಕೆಂಡಿಗೆ 1.485 ಗಿಗಾಬಿಟ್. ಆ 6 ಮೆಗಾಹರ್ಟ್ಸ್ ಜಾಗದಲ್ಲಿ ಅಮೆರಿಕ ಆಗ ಆರಿಸಿಕೊಂಡ ಡಿಜಿಟಲ್ ಪದ್ಧತಿ ಹೊರುವುದು ಸೆಕೆಂಡಿಗೆ 19.39 ಮೆಗಾಬಿಟ್ ಮಾತ್ರ. ಅದರಲ್ಲೂ ಧ್ವನಿಗೆ, ಬೇರೆ ಮಾಹಿತಿಗೆ ಪಾಲು ಕೊಡಬೇಕು. ಚಿತ್ರಕ್ಕೆ ಹದಿನೈದರಷ್ಟು ಉಳಿಯಿತು ಎಂದುಕೊಂಡರೆ, ಹೆಚ್ಚುಕಡಿಮೆ ನೂರರಲ್ಲಿ ಒಂದು ಭಾಗ ಮಾತ್ರ ಹೊರಗೆ ಹೋಗುತ್ತದೆ. ಉಳಿದ ತೊಂಬತ್ತೊಂಬತ್ತು ಭಾಗ ಎಸೆದರೂ ನಮಗೆ ಗೊತ್ತಾಗುವುದಿಲ್ಲ!

ಗೊತ್ತಾಗದಿರಲು ಕಾರಣ ಸರಳ. ವಾರ್ತೆ ಓದುವವರ ಹಿಂದಿನ ಗೋಡೆ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಬದಲಾಗುವುದಿಲ್ಲ. ಅದನ್ನು ಸೆಕೆಂಡಿಗೆ ಮೂವತ್ತು ಸಲ ಕಳಿಸುವುದೇಕೆ? ಎನ್‌ಕೋಡರ್ ಎಂಬ ಯಂತ್ರ ಒಮ್ಮೆ ಇಡೀ ಚಿತ್ರ ಕಳಿಸುತ್ತದೆ. ಆಮೇಲೆ ಸ್ವಲ್ಪ ಹೊತ್ತು ಬದಲಾದ ತುಟಿ, ರೆಪ್ಪೆ, ಕೈಯನ್ನಷ್ಟೇ ಕಳಿಸುತ್ತದೆ. ಹಾಗಾಗಿ ವಾರ್ತೆ ಅದಕ್ಕೆ ಹಗುರದ ಕೆಲಸ. ಅಲೆ ಏಳುವ ನೀರು, ಗಾಳಿಗೆ ಹಾರುವ ಬಣ್ಣದ ಕಾಗದದ ಚೂರು, ಪಟಪಟ ಹೊಡೆಯುವ ಕ್ಯಾಮೆರಾ ಫ್ಲ್ಯಾಶ್ ಬಂದಾಗ ಅದರ ಉಸಿರು ಕಟ್ಟುತ್ತದೆ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಈ ಸಲ ಕ್ರೀಡೆಯ ಸಂಭ್ರಮಾಚರಣೆ ಬಂದಾಗ ಗಮನಿಸಿ ನೋಡಿ.

ಟವರ್ ಯಾಕೆ ಮೊದಲು

ಕಾನೂನು ಕೈಹಾಕಿದ್ದು ಟವರ್‌ಗೆ. ಆಕಾಶದ ತರಂಗಾಂತರ ಸರ್ಕಾರದ ಸುಪರ್ದಿಯಲ್ಲಿರುತ್ತದೆ. ಅನಲಾಗ್ ನಿಂತರೆ ಉಳಿಯುವ ಜಾಗವನ್ನು ಬೇರೆ ಕೆಲಸಕ್ಕೆ, ಮುಖ್ಯವಾಗಿ ಮೊಬೈಲ್ ಫೋನಿಗೆ ಕೊಡಬಹುದು. ಹಾಗಾಗಿ ದೇಶಗಳು ಗಡುವು ಇಟ್ಟದ್ದು ಟ್ರಾನ್ಸ್‌ಮಿಟರ್‌ಗೆ. ಸ್ಟುಡಿಯೋದೊಳಗೆ ಏನಿದೆ ಎಂದು ಆ ಗಡುವು ಕೇಳಲಿಲ್ಲ. ಅಮೆರಿಕ 1996ರ ಡಿಸೆಂಬರ್‌ನಲ್ಲಿ ಡಿಜಿಟಲ್ ಮಾನದಂಡವನ್ನು ಒಪ್ಪಿಕೊಂಡಿತು. ಹಳೆಯ ಚಾನೆಲ್ ಜೊತೆಗೆ ಕೇಂದ್ರಗಳಿಗೆ ಇನ್ನೊಂದು ಚಾನೆಲನ್ನು ತಾತ್ಕಾಲಿಕವಾಗಿ ಕೊಟ್ಟಿತು. ವರ್ಷಗಟ್ಟಲೆ ಎರಡು ಟ್ರಾನ್ಸ್‌ಮಿಟರ್ ಒಟ್ಟಿಗೆ ಉರಿದವು. ಎರಡು ಆಂಟೆನಾ, ಎರಡು ಕರೆಂಟ್ ಬಿಲ್. ಟವರ್ ಮೇಲೆ ಹೊಸ ಆಂಟೆನಾ ಏರಿಸುವುದೆಂದರೆ ಭಾರ ಮಾತ್ರ ಅಲ್ಲ, ಗಾಳಿಯ ಒತ್ತಡವನ್ನೂ ಲೆಕ್ಕ ಹಾಕಬೇಕು. ನೂರಾರು ಅಡಿ ಎತ್ತರದಲ್ಲಿ ಕೆಲಸ ಮಾಡುವ ತಂಡ ಬೇಕು, ಮಳೆ ಗಾಳಿ ಇಲ್ಲದ ದಿನ ಬೇಕು.

ಟವರ್ ಸಿದ್ಧವಾದ ಮೇಲೆ ನೆಟ್‌ವರ್ಕ್‌ನಿಂದ ಉಪಗ್ರಹದಲ್ಲಿ ಬರುವ ಎಚ್‌ಡಿ ಕಾರ್ಯಕ್ರಮವನ್ನು ಹಿಡಿದು ಹಾಗೇ ಹೊರಗೆ ಬಿಡುವುದು ಅಷ್ಟು ಕಷ್ಟವಲ್ಲ. ಸ್ಟುಡಿಯೋವನ್ನು ಮುಟ್ಟಬೇಕಾಗಿಯೇ ಇಲ್ಲ. ಧಾರಾವಾಹಿಯ ಕಿವಿಯೋಲೆ ಹೊಳೆದದ್ದು ಹೀಗೆ. ನಾರ್ತ್ ಕೆರೊಲಿನಾದ ರಾಲಿ ನಗರದ ಡಬ್ಲ್ಯುಆರ್‌ಎಎಲ್ ಕೇಂದ್ರ ಈ ವಿಷಯದಲ್ಲಿ ಎಲ್ಲರಿಗಿಂತ ಮುಂದಿತ್ತು. ಅದು 1996ರ ಜುಲೈನಲ್ಲೇ ಪ್ರಾಯೋಗಿಕ ಎಚ್‌ಡಿ ಪ್ರಸಾರ ಶುರುಮಾಡಿತು. ಅದೇ ಕೇಂದ್ರ ಸ್ಥಳೀಯ ವಾರ್ತೆಯನ್ನು ಪೂರ್ತಿ ಎಚ್‌ಡಿಯಲ್ಲಿ ಮಾಡಿ ತೋರಿಸುವ ಹೊತ್ತಿಗೆ 2000 ಬಂದಿತ್ತು. ಮುಂದೆ ಓಡುತ್ತಿದ್ದವರಿಗೇ ಟವರ್‌ನಿಂದ ಸ್ಟುಡಿಯೋಗೆ ಬರಲು ನಾಲ್ಕು ವರ್ಷ ಬೇಕಾಯಿತು ಎಂದ ಮೇಲೆ ಹಿಂದಿದ್ದವರ ಮಾತೇನು!

ನೋಡುವವರ ಕಡೆಯೂ ಒಂದು ಬದಲಾವಣೆ ಆಯಿತು. ಅನಲಾಗ್‌ನಲ್ಲಿ ಸಿಗ್ನಲ್ ಕಡಿಮೆಯಾದರೆ ಚಿತ್ರದ ಮೇಲೆ ಹಿಮ ಸುರಿಯುತ್ತಿತ್ತು, ನೆರಳು ಬೀಳುತ್ತಿತ್ತು. ಆದರೂ ಮಾತು ಕೇಳಿಸುತ್ತಿತ್ತು. ಕಣ್ಣು ಕಿರಿದು ಮಾಡಿ ಕ್ರಿಕೆಟ್ ನೋಡಿದ ತಲೆಮಾರು ನಮ್ಮದು, ಅಲ್ವಾ? ಡಿಜಿಟಲ್‌ನಲ್ಲಿ ಆ ನಡುವಿನ ಸ್ಥಿತಿ ಇಲ್ಲ. ಒಂದು ಮಿತಿಯವರೆಗೆ ಚಿತ್ರ ಚೊಕ್ಕ. ಅದರಾಚೆ ಒಂದು ಹೆಜ್ಜೆ ಇಟ್ಟರೆ ಚಿತ್ರ ಒಡೆದು, ನಿಂತು, ಕತ್ತಲು. ಎಂಜಿನಿಯರ್‌ಗಳು ಇದನ್ನು 'ಕ್ಲಿಫ್ ಎಫೆಕ್ಟ್' ಎನ್ನುತ್ತಾರೆ. ಬಂಡೆಯ ಅಂಚಿನವರೆಗೂ ನೆಲ ಸಮತಟ್ಟು, ಆಮೇಲೆ ಪ್ರಪಾತ.

ಸ್ಟುಡಿಯೋ: ಒಂದು ಕೊಂಡಿ ಹಳೆಯದಾದರೆ ಎಲ್ಲವೂ ಹಳೆಯದು

ಈಗ ಒಳಗೆ ಬರೋಣ. ವಾಚಕಿಯ ಮುಖದಿಂದ ಹೊರಟ ಬೆಳಕು ಲೆನ್ಸ್ ಹೊಕ್ಕು, ಕ್ಯಾಮೆರಾದಿಂದ ತಂತಿಯಲ್ಲಿ ಹೊರಟು, ಎಲ್ಲ ತಂತಿಗಳು ಸೇರುವ ರೌಟರ್‌ಗೆ ಬರುತ್ತದೆ. ಅಲ್ಲಿಂದ ನಿರ್ದೇಶಕರು 'ಕ್ಯಾಮೆರಾ ಎರಡು' ಎಂದಾಗ ಗುಂಡಿ ಒತ್ತುವ ಸ್ವಿಚರ್‌ಗೆ. ಹೆಸರು, ಊರು ಬರೆಯುವ ಗ್ರಾಫಿಕ್ಸ್ ಯಂತ್ರ ಅದರ ಮೇಲೆ ಅಕ್ಷರ ಕೂರಿಸುತ್ತದೆ. ಆಮೇಲೆ ಜಾಹೀರಾತು, ಕಾರ್ಯಕ್ರಮ ಎಲ್ಲವನ್ನೂ ಸಾಲಾಗಿ ಹೊರಬಿಡುವ ಮಾಸ್ಟರ್ ಕಂಟ್ರೋಲ್. ಕೊನೆಗೆ ಎನ್‌ಕೋಡರ್, ಟವರ್. ಈ ಸಾಲಿನಲ್ಲಿ ಒಂದೇ ಒಂದು ಯಂತ್ರ ಹಳೆಯದಾಗಿ ಉಳಿದರೂ ಚಿತ್ರ ಅಲ್ಲಿಗೆ ಬಂದಾಗ ಕುಗ್ಗುತ್ತದೆ. ಆಮೇಲೆ ಹಿಗ್ಗಿಸಬಹುದು, ಆದರೆ ಹೋದ ವಿವರ ವಾಪಸ್ ಬರುವುದಿಲ್ಲ. ಈ ವರ್ಷ ಕ್ಯಾಮೆರಾ, ಮುಂದಿನ ವರ್ಷ ಸ್ವಿಚರ್ ಎಂದು ಕಂತಿನಲ್ಲಿ ಬದಲಾಯಿಸಬಹುದು, ನಿಜ. ಕೊನೆಯ ಕಂತು ಮುಗಿಯುವ ತನಕ ನೋಡುವವರಿಗೆ ಏನೂ ಕಾಣುವುದಿಲ್ಲ, ಅಷ್ಟೇ.

ತಂತಿಯನ್ನೇ ನೋಡಿ. ಹಳೆಯ ಅಳತೆಯ ಡಿಜಿಟಲ್ ಚಿತ್ರ ಸ್ಟುಡಿಯೋ ತಂತಿಯಲ್ಲಿ ಸೆಕೆಂಡಿಗೆ 270 ಮೆಗಾಬಿಟ್ ವೇಗದಲ್ಲಿ ಹರಿಯುತ್ತಿತ್ತು. ಎಚ್‌ಡಿಗೆ ಅದರ ಐದೂವರೆ ಪಟ್ಟು. ಮೊದಲು ಸುಮಾರು 300 ಮೀಟರ್ ಓಡುತ್ತಿದ್ದ ಚಿತ್ರ ಈಗ ಅಂಥದೇ ತಂತಿಯಲ್ಲಿ ಸುಮಾರು 100 ಮೀಟರ್‌ಗೆ ಸುಸ್ತಾಗುತ್ತದೆ. ಮೊನ್ನೆವರೆಗೆ ಚೆನ್ನಾಗಿದ್ದ ತಂತಿಯನ್ನು ಎಲ್ಲೋ ಬಿಗಿಯಾಗಿ ಕಟ್ಟಿದ್ದರೆ, ಮೂಲೆಯಲ್ಲಿ ಚೂಪಾಗಿ ಬಗ್ಗಿಸಿದ್ದರೆ, ಆ ತಪ್ಪು ಈಗ ಹೊರಬೀಳುತ್ತದೆ. ಇಲ್ಲೂ ಅದೇ ಪ್ರಪಾತ. ಚಿತ್ರ ನಿಧಾನಕ್ಕೆ ಕೆಡುವುದಿಲ್ಲ, ಸರಿಯಾಗಿದ್ದದ್ದು ಒಮ್ಮೆಲೇ ಮಾಯವಾಗುತ್ತದೆ.

ಲೆನ್ಸ್ ವಿಷಯವೂ ಹಾಗೇ. ಸ್ಟುಡಿಯೋ ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಸೆನ್ಸರ್ ಸಾಮಾನ್ಯವಾಗಿ 9.6 ಮಿಲಿಮೀಟರ್ ಅಗಲ. ಅದರಲ್ಲಿ 1920 ಚುಕ್ಕಿ ಕೂರಬೇಕು. ಒಂದೊಂದು ಚುಕ್ಕಿಗೆ ಒಂದು ಮಿಲಿಮೀಟರ್‌ನ ಇನ್ನೂರನೇ ಒಂದು ಭಾಗ. ಹಳೆಯ ಲೆನ್ಸ್‌ಗೆ ಅಷ್ಟು ಸಣ್ಣದಾಗಿ ಬೆಳಕನ್ನು ಬೀಳಿಸಲು ಬರುವುದಿಲ್ಲ. ಫೋಕಸ್ ಕೂದಲೆಳೆಯಷ್ಟು ತಪ್ಪಿದರೂ ಮನೆಯ ದೊಡ್ಡ ಟಿವಿಯಲ್ಲಿ ಕಾಣುತ್ತದೆ. ಆದರೆ ಕ್ಯಾಮೆರಾದವರು ನೋಡುತ್ತಿರುವುದು ಅಂಗೈಯಷ್ಟಗಲದ ಪರದೆ! ಅವರಿಗಿಂತ ಮೊದಲು ವೀಕ್ಷಕರಿಗೇ ತಪ್ಪು ಗೊತ್ತಾಗುವ ಪರಿಸ್ಥಿತಿ. ಅದಕ್ಕೇ ಫೋಕಸ್ ಇರುವ ಅಂಚುಗಳನ್ನು ಎದ್ದು ಕಾಣುವಂತೆ ಮಾಡುವ ಸೌಲಭ್ಯವನ್ನು ಕ್ಯಾಮೆರಾದಲ್ಲೇ ಕೊಡುತ್ತಾರೆ.

ಮೇಜಿನ ಗೀರು, ಪ್ಲೈವುಡ್ ಜೋಡಿಸಿದ ಗೆರೆ, ದಪ್ಪ ಮೇಕಪ್ಪು ಎಲ್ಲ ಎಚ್‌ಡಿಯಲ್ಲಿ ಬಯಲಾಗುತ್ತವೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಸೆಟ್ ಹೊಸದಾಗಿ ಕಟ್ಟುತ್ತಾರೆ, ಮೇಕಪ್ ತೆಳುವಾಗುತ್ತದೆ. ಅದಕ್ಕಿಂತ ಕುತೂಹಲದ ತೊಂದರೆ ಬೇರೆಯೇ ಇದೆ. ಅದು ಸಮಯದ್ದು.

ತುಟಿ ಒಂದು ಕಡೆ, ಮಾತು ಒಂದು ಕಡೆ

ಎರಡು ಕ್ಯಾಮೆರಾಗಳ ಚಿತ್ರ ಒಂದೇ ಕ್ಷಣಕ್ಕೆ ಶುರುವಾಗದಿದ್ದರೆ ಒಂದರಿಂದ ಇನ್ನೊಂದಕ್ಕೆ ಹೋದಾಗ ಚಿತ್ರ ಹಾರುತ್ತದೆ. ಹಾಗಾಗಿ ಕೇಂದ್ರದ ಯಂತ್ರಗಳೆಲ್ಲ ಒಂದೇ ತಾಳಕ್ಕೆ ಹೆಜ್ಜೆ ಹಾಕಬೇಕು. ಹೊರಗಿನಿಂದ ಬರುವ ಚಿತ್ರಕ್ಕೆ ಈ ತಾಳ ಗೊತ್ತಿಲ್ಲ. ಅದನ್ನು ಒಂದು ಪೆಟ್ಟಿಗೆ ಹಿಡಿದಿಟ್ಟುಕೊಂಡು ಮುಂದಿನ ತಾಳ ಬಿದ್ದಾಗ ಬಿಡುತ್ತದೆ. ಇದಕ್ಕೆ ಒಂದು ಚಿತ್ರದಷ್ಟು ಹೊತ್ತು ಹಿಡಿಯಬಹುದು. ಸೆಕೆಂಡಿಗೆ 30 ಚಿತ್ರವಾದರೆ ಸುಮಾರು 33 ಮಿಲಿಸೆಕೆಂಡ್. ಹಳೆಯ ಅಳತೆಯ ಚಿತ್ರವನ್ನು ಎಚ್‌ಡಿಗೆ ಹಿಗ್ಗಿಸುವ ಪೆಟ್ಟಿಗೆ ಇನ್ನಷ್ಟು ಹೊತ್ತು ತಿನ್ನುತ್ತದೆ. ನೆಟ್‌ವರ್ಕ್ ಒಂದು ಎಚ್‌ಡಿ ಬಗೆಯಲ್ಲಿದ್ದು ಊರಿನ ಕ್ಯಾಮೆರಾ ಇನ್ನೊಂದರಲ್ಲಿದ್ದರೆ ಮತ್ತೊಂದು ಪೆಟ್ಟಿಗೆ. ಇದು ಕಲ್ಪನೆಯಲ್ಲ. ಅಮೆರಿಕದಲ್ಲಿ ಸಿಬಿಎಸ್, ಎನ್‌ಬಿಸಿ 1080 ಸಾಲಿನ ಬಗೆ ಆರಿಸಿಕೊಂಡರೆ ಎಬಿಸಿ, ಫಾಕ್ಸ್ 720 ಸಾಲಿನದನ್ನು ಆರಿಸಿಕೊಂಡವು.

ಧ್ವನಿಗೆ ಈ ತಾಪತ್ರಯವಿಲ್ಲ. ಅದು ಸಣ್ಣದು, ಪೆಟ್ಟಿಗೆಗಳನ್ನು ದಾಟಿ ಓಡಿಬಿಡುತ್ತದೆ. ನಾಲ್ಕು ಪೆಟ್ಟಿಗೆ ದಾಟಿ ಚಿತ್ರ ಬರುವ ಹೊತ್ತಿಗೆ ಮಾತು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತದೆ ಎನ್ನಬೇಡಿ. ಐಟಿಯು ಎಂಬ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಯ ಶಿಫಾರಸಿನಲ್ಲಿ ಇದರ ಲೆಕ್ಕವಿದೆ. ಮಾತು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದಾದರೆ ಜನ ಗುರುತಿಸುತ್ತಾರೆ. ಹಿಂದಾದರೆ ಮಾತ್ರ 125 ಮಿಲಿಸೆಕೆಂಡ್‌ವರೆಗೆ ಅವರಿಗೆ ಗೊತ್ತೇ ಆಗುವುದಿಲ್ಲ. ಈ ತಾರತಮ್ಯ ನನಗೆ ಬಹಳ ಇಷ್ಟ. ಲೋಕದಲ್ಲಿ ಬೆಳಕು ಯಾವಾಗಲೂ ಮೊದಲು, ಸದ್ದು ಆಮೇಲೆ. ದೂರದಲ್ಲಿ ಬಟ್ಟೆ ಒಗೆಯುವವರ ಕೈ ಬಡಿದ ಮೇಲೆ ಸದ್ದು ಕೇಳುತ್ತದೆ, ಮಿಂಚಿದ ಮೇಲೆ ಗುಡುಗುತ್ತದೆ. ಸದ್ದು ತಡವಾಗುವುದು ನಮ್ಮ ಮಿದುಳಿಗೆ ರೂಢಿ. ಸದ್ದು ಮೊದಲು ಬರುವುದನ್ನು ಅದು ಎಂದೂ ಕಂಡಿಲ್ಲ. ಎಚ್‌ಡಿ ಸ್ಟುಡಿಯೋ ಮಾಡುವ ತಪ್ಪು ಸರಿಯಾಗಿ ಅದೇ. ಹಾಗಾಗಿ ಚಿತ್ರ ಎಲ್ಲೆಲ್ಲಿ ತಡವಾಯಿತೋ ಅಲ್ಲೆಲ್ಲ ಧ್ವನಿಯನ್ನೂ ಬೇಕೆಂದೇ ತಡೆದು ನಿಲ್ಲಿಸಬೇಕು. ಹೊಸ ಸ್ಟುಡಿಯೋದಲ್ಲಿ ಎಂಜಿನಿಯರ್‌ಗಳು ಮೊದಮೊದಲು ಜಾಸ್ತಿ ಹೊತ್ತು ಕಳೆಯುವ ಕೆಲಸಗಳಲ್ಲಿ ಇದೊಂದು.

ಇನ್ನೊಂದು ವಿಳಂಬ ಹೊರಗೆ ನಿಂತ ವರದಿಗಾರರನ್ನು ಕಾಡಿತು. ಅನಲಾಗ್ ಕಾಲದಲ್ಲಿ ಅವರು ಒಂದು ಸಣ್ಣ ಟಿವಿ ಇಟ್ಟುಕೊಂಡು ಪ್ರಸಾರವನ್ನೇ ನೋಡುತ್ತಿದ್ದರು. ಸ್ಟುಡಿಯೋದವರು ಹೆಸರು ಕರೆದ ಕೂಡಲೇ ಮಾತಾಡಲು ಶುರು. ಡಿಜಿಟಲ್‌ನಲ್ಲಿ ಚಿತ್ರವನ್ನು ಕುಗ್ಗಿಸಿ, ಕಳಿಸಿ, ಮತ್ತೆ ಹಿಗ್ಗಿಸುವ ಹೊತ್ತಿಗೆ ಕೆಲವು ಸೆಕೆಂಡ್ ಕಳೆದಿರುತ್ತದೆ. ಪ್ರಸಾರ ನೋಡಿಕೊಂಡು ಕಾದರೆ ವಾಚಕಿ ಕರೆದು, ಕಾದು, ಮುಜುಗರಪಟ್ಟು ಮುಂದಿನ ಸುದ್ದಿಗೆ ಹೋಗಿರುತ್ತಾರೆ. ಸ್ಟುಡಿಯೋದ ಮಾತನ್ನು ಅವರ ಕಿವಿಗೆ ಬೇರೆ ದಾರಿಯಲ್ಲಿ, ಫೋನ್ ಮೂಲಕವೋ ಮತ್ತೊಂದೋ, ನೇರವಾಗಿ ತಲುಪಿಸಬೇಕು. ಅಂದ ಹಾಗೆ, ಟಿವಿ ಪರದೆಯ ಗಡಿಯಾರ ನೋಡಿ ನಿಮ್ಮ ಕೈಗಡಿಯಾರ ಸರಿಮಾಡಿಕೊಳ್ಳಬೇಡಿ. ಅದೂ ಅಷ್ಟೇ ಸೆಕೆಂಡ್ ಹಿಂದಿರುತ್ತದೆ.

ಚೌಕದಿಂದ ಅಗಲಕ್ಕೆ

ಹಳೆಯ ಪರದೆಯ ಅಳತೆ 4:3, ಎಚ್‌ಡಿಯದು 16:9. ಚಿತ್ರ ಅಗಲವಾದದ್ದರಿಂದ ಮೊದಲು ಹೊರಗೆ ಉಳಿಯುತ್ತಿದ್ದ ಸೆಟ್‌ನ ಬಣ್ಣ ಬಳಿಯದ ಅಂಚು, ನೆಲದ ಮೇಲಿನ ತಂತಿ ಸುರುಳಿ ಎಲ್ಲ ಒಳಗೆ ಬಂದವು. ಅದನ್ನು ಗುಡಿಸಿ ಸರಿಮಾಡಬಹುದು. ಆದರೆ ಅರ್ಧ ಊರು ಇನ್ನೂ ಹಳೆಯ ಟಿವಿಯಲ್ಲೇ ನೋಡುತ್ತಿತ್ತು. ಅವರಿಗೆ ಎರಡೂ ಬದಿ ಕತ್ತರಿಸಿ ನಡುವಿನ ಭಾಗ ಮಾತ್ರ ಕಳಿಸುತ್ತಿದ್ದರು. ಹಾಗಾಗಿ ಬರಹ, ಆಟದ ಸ್ಕೋರು, ಮುಖ್ಯವಾದ ಮುಖ ಎಲ್ಲವನ್ನೂ ಆ ನಡುವಿನ ಚೌಕದಲ್ಲೇ ಇಡಬೇಕು. ಅಗಲದ ಪರದೆ ಕೊಂಡವರು ಎರಡು ಬದಿಯಲ್ಲಿ ಖಾಲಿ ಗೋಡೆ ನೋಡುತ್ತ ಕೂತರು. ಹಳೆಯ ಸಂಗ್ರಹದ ದೃಶ್ಯ ಬಂದರೆ ಮತ್ತೆ ಕಪ್ಪು ಪಟ್ಟಿ, ಇಲ್ಲವೇ ಅದೇ ಚಿತ್ರದ ಮಸುಕಾದ ನೆರಳನ್ನು ಎರಡು ಕಡೆ ಹಾಕುವುದು. ಕೆಲವರು ಚಿತ್ರವನ್ನೇ ಎಳೆದು ಅಗಲ ಮಾಡಿದರು. ಒಳ್ಳೆಯ ಸಪೂರ ಮನುಷ್ಯರೆಲ್ಲ ಡುಮ್ಮರಾದರು. ಕಪ್ಪು ಪಟ್ಟಿಯೇ ಎಷ್ಟೋ ಮರ್ಯಾದೆ ಎಂದು ನನ್ನ ಅಭಿಪ್ರಾಯ.

ಕಂಟ್ರೋಲ್ ರೂಮಿನವರ ಕಣ್ಣಿಗೆ ಬೀಳದೆ ತಪ್ಪಿಹೋಗುವ ಸಂಗತಿ ಒಂದಿದೆ: ಕಿವಿ ಕೇಳದವರಿಗಾಗಿ ಬರುವ ಅಕ್ಷರ, ಕ್ಯಾಪ್ಷನ್. ಅಮೆರಿಕದ ಅನಲಾಗ್ ಚಿತ್ರದಲ್ಲಿ ಅದು ಮೇಲಿನ, ಕಣ್ಣಿಗೆ ಕಾಣದ 21ನೇ ಗೆರೆಯಲ್ಲಿ ಅಡಗಿ ಹೋಗುತ್ತಿತ್ತು. ಎಚ್‌ಡಿಯಲ್ಲಿ ಚಿತ್ರದ ಜೊತೆಗೆ ಬೇರೆ ಮಾಹಿತಿಯಾಗಿ ಹೋಗುತ್ತದೆ. ದಾರಿಯಲ್ಲಿರುವ ಪ್ರತಿ ಪೆಟ್ಟಿಗೆಯೂ ಅದನ್ನು ಎತ್ತಿ ಮುಂದಕ್ಕೆ ಕೊಡಬೇಕು. ಒಂದು ಪೆಟ್ಟಿಗೆ ಬೀಳಿಸಿದರೂ ಚಿತ್ರ ಚೆನ್ನಾಗಿರುತ್ತದೆ, ಧ್ವನಿ ಚೆನ್ನಾಗಿರುತ್ತದೆ, ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಖುಷಿಯಾಗಿರುತ್ತಾರೆ. ಗೊತ್ತಾಗುವುದು ಅದನ್ನೇ ನಂಬಿ ಕೂತವರಿಗೆ ಮಾತ್ರ.

ಉಳಿದಂತೆ ಟೇಪ್ ಹೋಗಿ ಸರ್ವರ್ ಬರುತ್ತದೆ. ಸೆಕೆಂಡಿಗೆ 50 ಮೆಗಾಬಿಟ್‌ನಲ್ಲಿ ಮುದ್ರಿಸಿದ ಒಂದು ಗಂಟೆಯ ದೃಶ್ಯಕ್ಕೆ 22.5 ಗಿಗಾಬೈಟ್ ಜಾಗ. ಆ ಸರ್ವರ್‌ಗಳಿಗೆ ತಣ್ಣನೆಯ ಕೋಣೆ, ಕರೆಂಟ್ ಹೋದರೆ ಹಿಡಿದುಕೊಳ್ಳುವ ಬ್ಯಾಟರಿ. ಇದು ದುಬಾರಿ, ಆದರೆ ಒಗಟೇನಲ್ಲ.

ಒಂದು ನಿಮಿಷವೂ ನಿಲ್ಲಿಸದೆ

ಅಂಗಡಿಯಾದರೆ ಬಾಗಿಲು ಹಾಕಿ ರಿಪೇರಿ ಮಾಡಬಹುದು. ಟಿವಿ ಕೇಂದ್ರಕ್ಕೆ ಬಾಗಿಲೇ ಇಲ್ಲ. ಬೆಳಗಿನ ವಾರ್ತೆ, ಮಧ್ಯಾಹ್ನದ ವಾರ್ತೆ, ಸಂಜೆಯ ವಾರ್ತೆ, ನಡುವೆ ಬಿರುಗಾಳಿಯ ಎಚ್ಚರಿಕೆ. ಹಾಗಾಗಿ ಸಾಧ್ಯವಿದ್ದಲ್ಲೆಲ್ಲ ಹಳೆಯ ಕಂಟ್ರೋಲ್ ರೂಮನ್ನು ಮುಟ್ಟದೆ ಪಕ್ಕದಲ್ಲಿ ಹೊಸದನ್ನು ಕಟ್ಟುತ್ತಾರೆ. ಆಮೇಲೆ ಕೆಲವು ವಾರ ನೆರಳು ನಾಟಕ. ಹಳೆಯ ಕೋಣೆಯಿಂದ ನಿಜವಾದ ವಾರ್ತೆ ಹೋಗುತ್ತಿರುತ್ತದೆ. ಹೊಸ ಕೋಣೆಯಲ್ಲಿ ಇನ್ನೊಂದು ತಂಡ ಅದೇ ವಾರ್ತೆಯನ್ನು ಅದೇ ಹೊತ್ತಿಗೆ ಮಾಡುತ್ತದೆ, ಹೊರಗೆ ಮಾತ್ರ ಹೋಗುವುದಿಲ್ಲ. ಇಪ್ಪತ್ತು ವರ್ಷ ಒಂದೇ ಗುಂಡಿ ಒತ್ತಿದ ಬೆರಳಿಗೆ ಹೊಸ ಜಾಗ ಕಲಿಸುವುದು ಸಣ್ಣ ಕೆಲಸವಲ್ಲ. ಯಂತ್ರ ಒಂದು ವಾರದಲ್ಲಿ ಸಿದ್ಧವಾದರೂ ಬೆರಳು ಸಿದ್ಧವಾಗಲು ತಿಂಗಳು ಬೇಕು. ನೋಡುವವರು ಕಡಿಮೆ ಇರುವ ಹೊತ್ತು ನೋಡಿ ಬದಲಾಯಿಸುತ್ತಾರೆ. ಎಡವಿದರೆ ಹಿಂದೆ ಹೋಗಲು ಹಳೆಯ ಕೋಣೆಯನ್ನು ಸ್ವಲ್ಪ ಕಾಲ ಬಿಸಿಯಾಗಿಯೇ ಇಟ್ಟಿರುತ್ತಾರೆ.

ಟವರ್ ಕಡೆಯ ಬದಲಾವಣೆಗೆ ಹೀಗೆ ಹಿಂದೆ ಹೋಗುವ ದಾರಿ ಇರಲಿಲ್ಲ. ಅಮೆರಿಕದಲ್ಲಿ ಅನಲಾಗ್ ನಿಲ್ಲಬೇಕಿದ್ದದ್ದು 2009ರ ಫೆಬ್ರವರಿ 17ಕ್ಕೆ. ಎಷ್ಟೋ ಮನೆಗಳು ಸಿದ್ಧವಾಗಿರಲಿಲ್ಲ, ಗಡುವನ್ನು ಜೂನ್ 12ಕ್ಕೆ ಮುಂದೂಡಿದರು. ಆ ದಿನ ದೊಡ್ಡ ಕೇಂದ್ರಗಳ ಅನಲಾಗ್ ಕಾರ್ಯಕ್ರಮಗಳೆಲ್ಲ ನಿಂತವು. ಆದರೂ ಕೆಲವು ಊರುಗಳಲ್ಲಿ ಒಂದೊಂದು ಕೇಂದ್ರ ಹಳೆಯ ಟ್ರಾನ್ಸ್‌ಮಿಟರನ್ನು ಇನ್ನೊಂದು ತಿಂಗಳು ಉರಿಸಿಟ್ಟುಕೊಂಡಿತು. ಕಾನೂನೇ ಅದಕ್ಕೆ ಅವಕಾಶ ಕೊಟ್ಟಿತ್ತು. ಅದರಲ್ಲಿ ಧಾರಾವಾಹಿ ಇಲ್ಲ, ಜಾಹೀರಾತು ಇಲ್ಲ. ತುರ್ತು ಸೂಚನೆ ಇದ್ದರೆ ಅದು, ಇಲ್ಲದಿದ್ದರೆ ಡಿಜಿಟಲ್ ಪೆಟ್ಟಿಗೆಯನ್ನು ಹಳೆಯ ಟಿವಿಗೆ ಜೋಡಿಸುವುದು ಹೇಗೆ ಎಂಬ ವಿವರಣೆ. ಕತ್ತಲಲ್ಲಿ ಎಡವದಿರಲಿ ಎಂದು ಹಚ್ಚಿಡುವ ಮಿಣುಕು ದೀಪದ ಹೆಸರನ್ನೇ ಅದಕ್ಕೆ ಇಟ್ಟಿದ್ದರು: ನೈಟ್‌ಲೈಟ್. ಜುಲೈ 12ರ ಹೊತ್ತಿಗೆ ಅದೂ ಆರಿತು. ಅಂದು ಸಂಜೆ ಕೂಡ ಎಷ್ಟೋ ಕೇಂದ್ರಗಳಲ್ಲಿ ವಾಚಕರು ಊರಿನ ವಾರ್ತೆ ಓದಿದ್ದು ಎಡಬಲದ ಆ ಎರಡು ಕಪ್ಪು ಪಟ್ಟಿಗಳ ನಡುವೆಯೇ.